ದಡದ ಐದು ಮೀಟರ್

ಆಗಸ್ಟ್ 1

ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆದುಬಿಡುತ್ತೇನೆ: ನನಗೆ ಈ ಜಾಗ ಇಷ್ಟ.

ಹನ್ನೆರಡನೇ ವಯಸ್ಸಿನಿಂದ ಪ್ರತಿ ಬೇಸಿಗೆ ಮುಖ ಸಿಂಡರಿಸಿಕೊಂಡೇ ಕಾರು ಹತ್ತಿದ್ದೇನೆ. ಅದೇ ಮರಳು, ಅದೇ ಮುದುಕಿಯರು, ಅದೇ ಇಸ್ಪೀಟು ಎಂದು ದಾರಿಯುದ್ದಕ್ಕೂ ಗೊಣಗಿದ್ದೇನೆ. ಎಲ್ಲ ನಾಟಕ. ಬೆಟ್ಟ ಇಳಿಯುವಾಗ ಕೊನೆಯ ತಿರುವಿನಲ್ಲಿ ಸಮುದ್ರ ಕಾಣಿಸುತ್ತದಲ್ಲ, ಆಗ ನಾನು ಕಿಟಕಿಯ ಕಡೆ ತಿರುಗಿಕೊಳ್ಳುವುದು ಮುನಿಸಿಗಲ್ಲ. ನನ್ನ ಮುಖ ಯಾರಿಗೂ ಕಾಣಬಾರದು ಎಂದು. ಮುಖಕ್ಕೆ ಹೊಡೆದ ಹಾಗೆ ಮಾತನಾಡುವವಳು ಎಂದು ಊರೆಲ್ಲ ಹೆಸರು ಮಾಡಿದವಳು ಇದೊಂದನ್ನು ಬಚ್ಚಿಟ್ಟುಕೊಂಡೇ ಬಂದೆ. ಒಂದು ಕಡೆ ಕೂರಲಾರದ ಹುಡುಗಿ ಎಂದು ಎಲ್ಲರೂ ನಂಬಿರುವಾಗ, ಏನೂ ನಡೆಯದ ಈ ಜಾಗ ಇಷ್ಟ ಎಂದು ಹೇಳುವುದು ಹೇಗೆ?

ಆದರೂ ಈ ಸಲ ಒಂದು ವಾರಕ್ಕಿಂತ ಹೆಚ್ಚು ಇರುವುದಿಲ್ಲ. ಎಂಟನೇ ತಾರೀಕು ಬಸ್ಸು ಹಿಡಿದು ಬೊಲೊನ್ಯಾಕ್ಕೆ ಹೋಗುತ್ತೇನೆ, ಗೆಳತಿ ದೆಬೊರಾಳ ಕೋಣೆಗೆ. ಅಲ್ಲೊಂದು ಗೋದಾಮಿನಲ್ಲಿ ಕೆಲಸ ಇದೆಯಂತೆ. ಜನವರಿಯಲ್ಲಿ ನಾನು ಶಾಲೆ ಬಿಟ್ಟೆ. ಅಮ್ಮ ಅದನ್ನು "ಸ್ವಲ್ಪ ವಿರಾಮ" ಎನ್ನುತ್ತಾಳೆ. ವಿರಾಮವಲ್ಲ. ಬಿಟ್ಟಿದ್ದೇನೆ. ಕೂತು ಕೂತು ಮೈಯೆಲ್ಲ ಇರುವೆ ಹರಿದ ಹಾಗಾಗುತ್ತಿತ್ತು, ಕಾರಣ ಅಷ್ಟೇ. ಅದಕ್ಕಿಂತ ಚೆಂದದ ಕಾರಣ ಇದ್ದಿದ್ದರೆ ಅಮ್ಮನಿಗೆ ನಾಲ್ಕು ಜನರ ಎದುರು ಹೇಳಿಕೊಳ್ಳಲು ಸುಲಭವಾಗುತ್ತಿತ್ತು.

ಅಪ್ಪನಿಗೆ ರಜೆ ಸಿಗಲಿಲ್ಲ. ಅಜ್ಜ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಆದ್ದರಿಂದ ಈ ಸಲ ಅಮ್ಮ, ಅಜ್ಜಿ, ನಾನು ಮೂವರೇ. ಟವಲಿನಲ್ಲಿ ಸುತ್ತಿದ ಬದನೆಕಾಯಿ ಪಾತ್ರೆಯನ್ನು ಅಜ್ಜಿ ಊರಿನಿಂದ ಇಲ್ಲಿಯವರೆಗೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಅಷ್ಟೊಂದು ತಿರುವುಗಳಲ್ಲಿ ಒಂದು ತೊಟ್ಟು ಎಣ್ಣೆ ಚೆಲ್ಲಲಿಲ್ಲ.

ಆಗಸ್ಟ್ 2

ನಮ್ಮ ಜಾಗ ಇಲ್ಲ.

ಛತ್ರಿ, ಕುರ್ಚಿ ಬಾಡಿಗೆಗೆ ಕೊಡುವ ಈ ಲಿಡೊ ನೆರೀದೆಯಲ್ಲಿ ಮೊದಲ ಸಾಲಿನ ಏಳನೇ ಛತ್ರಿ ಅಮ್ಮ ಚಿಕ್ಕವಳಾಗಿದ್ದಾಗಿನಿಂದ ನಮ್ಮದು. ಅಜ್ಜ ಪ್ರತಿ ಬೆಳಿಗ್ಗೆ ಈಜುವವರಿಗೆ ಗಡಿ ತೋರಿಸಲು ನೀರಿನಲ್ಲಿ ತೇಲಬಿಟ್ಟ ಕಿತ್ತಳೆ ಬಣ್ಣದ ಬುರುಡೆಯವರೆಗೆ ಈಜಿ ಹೋಗಿ ಬರುತ್ತಿದ್ದ. ಈಜು ಬಾರದ ಅಜ್ಜಿ ಏಳನೇ ಛತ್ರಿಯ ಕೆಳಗೆ ಕೂತು ಅವನ ತಲೆಯನ್ನೇ ನೋಡುತ್ತಿದ್ದಳು. ಬೇರೆ ಏನೂ ಮಾಡುತ್ತಿರಲಿಲ್ಲ. ಹೆಣಿಗೆ ಇಲ್ಲ, ಹರಟೆ ಇಲ್ಲ. ಅವನು ದಡ ಹತ್ತಿದ ಮೇಲೆಯೇ ಅವಳು ಕಾಫಿ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದುದು.

ಈಗ ಮೊದಲ ಸಾಲಿನಲ್ಲಿ ಛತ್ರಿಗಳೇ ಇಲ್ಲ. ದಡದುದ್ದಕ್ಕೂ ಮರದ ಕಂಬದ ಮಂಟಪಗಳು, ಸಮುದ್ರದ ಕಡೆ ಬಿಟ್ಟು ಸುತ್ತಲೂ ಬಿಳಿ ಪರದೆ, ಒಳಗೆ ಹಾಸಿಗೆ. ಹೆಚ್ಚು ಕೊಡುವವರಿಗೆ. ನಮಗೆ ಐದನೇ ಸಾಲು. ಅಲ್ಲಿಂದ ಕಾಣುವುದು ಬಟ್ಟೆ ಮಾತ್ರ. ಬಂಡೆಗಳ ಆಚೆ ಎಲ್ಲರಿಗೂ ಬಿಟ್ಟ ದಡವೊಂದಿದೆ. ಆದರೆ ಸೊಂಟ ನೋವಿನ ಅಜ್ಜಿ ಆ ಕಲ್ಲುಗಳನ್ನು ದಾಟಲಾರಳು.

ಮುದಿ ಮಾಲೀಕ ಕೆಲಸದಿಂದ ಕೆಳಗಿಳಿದು, ಮಗ ಎರ್ಮಾನ್ನೊ ಎಲ್ಲ ನೋಡಿಕೊಳ್ಳುತ್ತಿದ್ದಾನೆ. ಓಡಿ ಬಂದು ಅಜ್ಜಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟ.

"ಅಸ್ಸುಂತಾ ಅಜ್ಜಿ, ಮರಳು ಅದೇ, ನೆರಳು ಅದೇ. ಸಾಲು ಮಾತ್ರ ಬೇರೆ."

"ಸಮುದ್ರ?"

"ಸಮುದ್ರ ಎಲ್ಲಿಗೆ ಹೋಗುತ್ತೆ ಅಜ್ಜಿ? ಅಲ್ಲೇ ಇದೆ."

"ಅಲ್ಲೇ ಇದೆ ಅಂತ ನನಗೂ ಗೊತ್ತು ಕಣೋ. ಕಾಣಬೇಕಲ್ಲ."

"ನಿಮ್ಮ ಮಗಳಿಗೆ ಮೇ ತಿಂಗಳಲ್ಲೇ ಹೇಳಿದ್ದೆ. ಆಗಲಿ ಅಂದ್ರು."

ಅಮ್ಮ ಚಪ್ಪಲಿಯೊಳಗಿನ ಮರಳು ಕೊಡವುತ್ತಾ ನಿಂತಳು. ಅವಳಿಗೆ ಮೊದಲೇ ಗೊತ್ತಿತ್ತು.

"ಬೇಡ ಅಂದಿದ್ರೆ ಐದನೇ ಸಾಲೂ ಸಿಗ್ತಿರಲಿಲ್ಲ ಮಿಲೇನಾ. ಏನ್ ಮಾಡ್ಬೇಕಿತ್ತು?" ಎಂದಳು ಆಮೇಲೆ.

"ಅಜ್ಜಿಗೆ ಹೇಳ್ಬೇಕಿತ್ತು."

"ಎಲ್ಲಾನೂ ಎಲ್ಲರಿಗೂ ಹೇಳ್ಕೊಂಡು ತಿರುಗೋಕೆ ಎಲ್ಲರೂ ನಿನ್ನ ಥರ ಇರಲ್ಲ."

ಅಜ್ಜಿ ಇಡೀ ದಿನ ಪರದೆ ನೋಡುತ್ತಾ ಕೂತಿದ್ದಳು. ಫ್ಲಾಸ್ಕು ತೆರೆಯಲಿಲ್ಲ. ಕಾಫಿಯನ್ನು ಸಂಜೆ ಸಿಂಕಿಗೆ ಸುರಿದೆ.

ಆಗಸ್ಟ್ 3

ಪಕ್ಕದ ಛತ್ರಿಯ ಸಿನ್ಯೋರಾ ವಾಂಡಾ, ಅವಳೂ ಮೊದಲ ಸಾಲಿನಿಂದ ಹಿಂದಕ್ಕೆ ಬಿದ್ದವಳೇ, ಕೇಳಿದಳು: "ಮುಂದಿನ ವರ್ಷ ಕೊನೇ ಪರೀಕ್ಷೆ ಅಲ್ವೇನೇ? ಯಾವ ವಿಷಯ ಕಷ್ಟ?"

"ಯಾವುದೂ ಇಲ್ಲ. ಬಿಟ್ಟುಬಿಟ್ಟೆ."

"ಏನನ್ನ?"

"ಶಾಲೇನ."

ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡಳು. ಅದನ್ನು ಊಟಕ್ಕೂ ತೆಗೆಯಲಿಲ್ಲ.

ಆಗಸ್ಟ್ 5

ಬೆಳಿಗ್ಗೆ ನಾನೇ ಅಜ್ಜಿಯ ಕುರ್ಚಿ ಎತ್ತಿಕೊಂಡು ಹೋಗಿ ನೀರಿನ ಅಂಚಿನಲ್ಲಿ, ಮಂಟಪಗಳ ಮುಂದೆ ಹಾಕಿದೆ. ಅಜ್ಜಿಯನ್ನು ಕೈಹಿಡಿದು ಕರೆತಂದು ಕೂರಿಸಿದೆ. ಅವಳು ಬುರುಡೆಯ ಕಡೆ ನೋಡಿದಳು. ಅಷ್ಟರಲ್ಲಿ ಸೀಟಿ.

ಕಾವಲಿನ ಸಬಾತಿನೊ ನಾನು ಹುಟ್ಟುವ ಮೊದಲಿನಿಂದ ಇಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತಿದ್ದಾನೆ. ದಿನಕ್ಕೆ ನೂರು ಸಲ ಕೂಗುವ ಮಾತನ್ನೇ ಕೂಗಿದ: "ಐದು ಮೀಟರ್! ಐದು ಮೀಟರ್!"

ನೀರಿನಿಂದ ಐದು ಮೀಟರ್ ದಡ ಯಾರಿಗೂ ಸೇರಿದ್ದಲ್ಲ. ಅಲ್ಲಿ ಟವಲು ಹಾಸುವಂತಿಲ್ಲ, ಛತ್ರಿ ನೆಡುವಂತಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು, ಸೀಗಲ್ ಹಕ್ಕಿಯ ಕೂಗಿನ ಹಾಗೆ. ಕಿವಿಯ ಮೇಲೆ ಬಿದ್ದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಸಬಾತಿನೊ ಇಳಿದು ಬಂದ. ಹಿಂದೆ ಎರ್ಮಾನ್ನೊ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ನನ್ನ ಮೇಲೆ ಕೋಪ ಮಾಡ್ಕೋಬೇಡಿ ಅಜ್ಜಿ. ಕುರ್ಚಿ ಹಾಕೋ ಹಾಗಿಲ್ಲ. ಇದು ಓಡಾಡೋ ಜಾಗ."

"ಓಡಾಡಬಹುದಾ?" ಎಂದೆ.

"ಓಡಾಡಬಹುದು."

"ಎಷ್ಟು ಹೊತ್ತು?"

ಸಬಾತಿನೊ ಎರ್ಮಾನ್ನೊನ ಕಡೆ ನೋಡಿದ. ಆಮೇಲೆ ನನ್ನ ಕಡೆ. ಮೀಸೆಯ ಕೆಳಗೆ ಏನೋ ಅಲುಗಾಡಿತು. "ಓಡಾಡೋರನ್ನ ತಡಿಯೋಕೆ ಯಾರಪ್ಪನ ಕೈಲೂ ಆಗಲ್ಲ. ಎಷ್ಟು ಹೊತ್ತಾದ್ರೂ."

ನಾನು ಏನೂ ಹೇಳಬೇಕಾಗಲಿಲ್ಲ. ಅಜ್ಜಿ ನನ್ನ ಭುಜ ಹಿಡಿದು ಎದ್ದಳು. "ಕುರ್ಚಿ ತಗೊಂಡು ಹೋಗಪ್ಪ ಸಬಾತಿ" ಎಂದು, ಲಂಗದ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಬ್ಬರೂ ಮೊಣಕಾಲುದ್ದ ನೀರಿಗಿಳಿದೆವು. ಬಂಡೆಯಿಂದ ಹಳೆಯ ಕಟ್ಟೆಯವರೆಗೆ, ಅಲ್ಲಿಂದ ವಾಪಸ್ಸು. ಮಂಟಪಗಳ ಮುಂದೆ, ಅವರ ಮೂಗಿನ ನೇರಕ್ಕೆ.

"ನೀರಲ್ಲಿ ಸೊಂಟ ನೋಯಲ್ಲ ಕಣೇ" ಎಂದಳು ಆಶ್ಚರ್ಯದಿಂದ. ಎಷ್ಟೋ ಬೇಸಿಗೆ ಇಲ್ಲಿ ಕಳೆದವಳಿಗೆ ಇದು ಗೊತ್ತೇ ಇರಲಿಲ್ಲ.

ಆಗಸ್ಟ್ 6

ನಡೆದೆವು. ಬೆಳಿಗ್ಗೆಯೂ, ಸಂಜೆಯೂ.

ಆಗಸ್ಟ್ 8

ಇವತ್ತು ಬಸ್ಸಿನ ದಿನ. ಅಜ್ಜಿಯ ರಬ್ಬರ್ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಹೊಸ ಜೋಡಿ ತರಲು ಚೌಕಕ್ಕೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಮುಂದಿನ ವಾರ ಹೋದರಾಯಿತು.

ಈಗ ನಾವು ಇಬ್ಬರಲ್ಲ. ಮೊನ್ನೆ ಸಿನ್ಯೋರಾ ವಾಂಡಾ "ನನಗೂ ಕಾಲು ಊದ್ಕೊಂಡಿದೆ" ಎಂದು ಸೇರಿಕೊಂಡಳು. ನಿನ್ನೆ ನಾಲ್ಕನೇ ಸಾಲಿನ ಅಕ್ಕತಂಗಿಯರು. ಇವತ್ತು ಯಾರ್ಯಾರು ಎಂದು ಬರೆಯಲಾರೆ. ಹೂವಿನ ಟೊಪ್ಪಿಗೆಗಳ ಮೆರವಣಿಗೆ. ಬಾಯಿಗೆ ಬಿಡುವೇ ಇಲ್ಲ. ಯಾರ ಸೊಸೆ ಉಪ್ಪು ಹಾಕುವುದಿಲ್ಲ, ಯಾರ ಅಳಿಯ ಅಡುಗೆ ಕಲಿತಿದ್ದಾನೆ, ಎಲ್ಲವೂ ಮಂಟಪದವರಿಗೆ ಬಿಟ್ಟಿ ಪ್ರಸಾರ.

ಮೂರನೇ ಮಂಟಪದಲ್ಲಿ ಉತ್ತರದ ಕಡೆಯ ಒಬ್ಬ ದಪ್ಪ ಮನುಷ್ಯ, ಬೆರ್ಗಾಮೊದವನಂತೆ. ಎದ್ದು ಕೂತು ಕೇಳಿದ: "ನೀವು ಬೇರೆ ಕಡೆ ನಡಿಯೋಕೆ ಆಗಲ್ವಾ? ನಾನು ಸಮುದ್ರ ನೋಡೋಕೆ ದುಡ್ಡು ಕೊಟ್ಟಿದ್ದೀನಿ."

"ನೋಡಪ್ಪ, ಯಾರು ಬೇಡ ಅಂದ್ರು?" ಎಂದಳು ಅಜ್ಜಿ. "ನಾವು ನಿಂತಿಲ್ಲ. ಹೋಗ್ತಾ ಇದ್ದೀವಿ."

ಹೋದೆವು. ಕಟ್ಟೆ ಮುಟ್ಟಿ ಮತ್ತೆ ಬಂದೆವು.

"ಹೋಗ್ತಾ ಇದ್ದೀವಿ!" ಎಂದಳು ವಾಂಡಾ, ಅವನ ಮುಂದೆ ಬಂದಾಗಲೆಲ್ಲ.

ಅಮ್ಮ ಮಾತ್ರ ಛತ್ರಿಯ ಕೆಳಗೆ ಪತ್ರಿಕೆ ಹಿಡಿದು ಕೂತಿದ್ದಾಳೆ. ಪುಟ ತಿರುಗಿಸುವುದಿಲ್ಲ.

ಆಗಸ್ಟ್ 9

ಎರ್ಮಾನ್ನೊ ಎರಡು ಕೆಲಸ ಮಾಡಿದ. ಒಂದು, ನಾವು ನಡೆಯುವ ಹೊತ್ತಿಗೆ ಸರಿಯಾಗಿ ದೊಡ್ಡ ಸ್ಪೀಕರಿನಲ್ಲಿ ಕುಣಿತದ ಹಾಡು ಹಾಕಿಸಿದ, ನಮ್ಮ ಹರಟೆ ಮುಚ್ಚಿಹೋಗಲಿ ಎಂದು. "ಒಳ್ಳೇದಾಯ್ತು, ಕಾಲಿಗೆ ತಾಳ ಸಿಕ್ತು" ಎಂದಳು ಅಜ್ಜಿ. ಎಲ್ಲರೂ ತಾಳಕ್ಕೆ ನೀರು ಒದೆಯುತ್ತಾ ನಡೆದರು.

ಎರಡು, ಮಂಟಪದವರಿಗೆ ನಾವು ಕಾಣದಿರಲಿ ಎಂದು ಸಮುದ್ರದ ಕಡೆಯ ಪರದೆಯನ್ನೂ ಎಳೆಸಿದ. ಈಗ ಅವರು ನಾಲ್ಕೂ ಕಡೆ ಬಟ್ಟೆಯ ಒಳಗಿದ್ದಾರೆ. ಗಾಳಿಯಿಲ್ಲ. ಪರದೆಯ ಮೇಲೆ ಬೀಸಣಿಗೆ ಅಲುಗಾಡುವ ನೆರಳು ಕಾಣುತ್ತದೆ.

ನಗು ತಡೆಯಲಾಗದೆ ನೀರಿನಲ್ಲಿ ಕೂತುಬಿಟ್ಟೆ.

ಆಗಸ್ಟ್ 11

ಈ ಹೆಂಗಸರಿಗೆ ಎರ್ಮಾನ್ನೊನ ಭಯ ಇಲ್ಲ, ಜೀರ್ಣಶಕ್ತಿಯ ಭಯ ಇದೆ. ಊಟವಾದ ಮೇಲೆ ಮೂರು ಗಂಟೆ ಯಾರೂ ನೀರಿಗೆ ಕಾಲಿಡುವುದಿಲ್ಲ. ಮೊಣಕಾಲುದ್ದದ ನೀರಾದರೂ ಸರಿ, ಹೊಟ್ಟೆ ಹಿಡಿದುಕೊಂಡು ಸತ್ತೇ ಹೋಗುತ್ತಾರಂತೆ. ಎರ್ಮಾನ್ನೊ ಇಲ್ಲೇ ಹುಟ್ಟಿ ಬೆಳೆದವನು, ಅವನಿಗೆ ಗೊತ್ತಿಲ್ಲವೇ? ಮಧ್ಯಾಹ್ನ ದಡ ಖಾಲಿಯಾದೊಡನೆ ಸಮುದ್ರದ ಕಡೆಯ ಪರದೆ ತೆಗೆಸಿ, ಹೊಸ ಗಿರಾಕಿಗಳನ್ನು ಕರೆತಂದು ತೋರಿಸುತ್ತಿದ್ದ. "ಎಷ್ಟು ಶಾಂತವಾಗಿದೆ ನೋಡಿ. ನೊಣ ಹಾರೋದೂ ಕೇಳಿಸುತ್ತೆ."

ನಾನೊಬ್ಬಳೇ ಇಳಿದೆ. ಹೊಟ್ಟೆಯ ತುಂಬ ಅಜ್ಜಿ ಮಾಡಿದ ಬದನೆಕಾಯಿ. ಅವರ ಮುಂದೆ ಹೋದೆ, ಬಂದೆ. ಎರ್ಮಾನ್ನೊನ ಮುಖ ಬೆಂದ ಸೀಗಡಿಯ ಬಣ್ಣಕ್ಕೆ ತಿರುಗಿತು. ಆದರೆ ಕೂಗಿದ್ದು ಅವನಲ್ಲ. ಐದನೇ ಸಾಲಿನಿಂದ ಅಜ್ಜಿ.

"ಮಿಲೇನಾ! ಹೊಟ್ಟೆ ಹಿಡ್ಕೊಳ್ಳುತ್ತೆ! ಮೇಲೆ ಬಾರೇ!"

"ಏನೂ ಆಗಲ್ಲ ಅಜ್ಜಿ!"

"ಸತ್ತರೆ ನನ್ನ ಹತ್ರ ಬರಬೇಡ!"

ಗಿರಾಕಿಗಳು ನೋಡಿಕೊಂಡು ಹೊರಟುಹೋದರು. ನಾನು ಸಾಯಲಿಲ್ಲ. ನಾಲ್ಕು ಗಂಟೆಗೆ ಅಜ್ಜಿ ನನ್ನ ಹೊಟ್ಟೆ ಒತ್ತಿ ನೋಡಿ, ನಿಂಬೆ ಹಿಂಡಿದ ಬಿಸಿನೀರು ಕುಡಿಸಿ, ಆಮೇಲೆ ತಾನು ಇಳಿದಳು.

ಆಗಸ್ಟ್ 13

ಎರ್ಮಾನ್ನೊ ನನ್ನನ್ನೂ ಅಮ್ಮನನ್ನೂ ಕರೆದು ಬಾದಾಮಿಯ ಮಂಜುಗಡ್ಡೆ ಪಾನಕ ತರಿಸಿದ. ನಾಳೆಯಿಂದಲೇ ಎರಡು ಮಂಟಪಗಳ ನಡುವೆ ಅಜ್ಜಿಗೆ ಒಂದು ಕುರ್ಚಿ, ಸಮುದ್ರ ಪೂರ್ತಿ ಕಾಣುವ ಹಾಗೆ. ಮುಂದಿನ ವರ್ಷ ಏಳನೇ ಛತ್ರಿ ವಾಪಸ್ಸು. "ನಿಮಗೊಬ್ಬರಿಗೇ. ನೀವು ನಡಿಯೋದು ನಿಲ್ಸಿದ್ರೆ ಉಳಿದೋರು ತಾವೇ ನಿಲ್ಸ್ತಾರೆ. ಯಾರಿಗೂ ಹೇಳೋದು ಬೇಡ."

ಅಮ್ಮನ ಕಣ್ಣಲ್ಲಿ ನೀರು ಬಂತು. "ಅಮ್ಮ ಮತ್ತೆ ಕೂತ್ಕೊಂಡು ನೋಡಬಹುದು" ಎಂದಳು. ಅದು ನಿಜ. ನಮಗೆ ಬೇಕಿದ್ದದ್ದೂ ಅಷ್ಟೇ ತಾನೇ. ನಾನು ಶುರು ಮಾಡಿದ್ದು ಒಂದು ಕುರ್ಚಿಗಾಗಿಯೇ.

ನಾಲ್ಕು ಗಂಟೆಗೆ ಎಲ್ಲರೂ ನೀರಿಗಿಳಿದಾಗ ಸಿನ್ಯೋರಾ ವಾಂಡಾ ನನ್ನ ತೋಳು ಹಿಡಿದು, "ಏನೇ, ಮುಖ ಹುಳ್ಳಗಿದೆ?" ಎಂದಳು. ಹೇಳಿಬಿಟ್ಟೆ. ಎಲ್ಲರೆದುರು, ಒಂದು ಅಕ್ಷರ ಬಿಡದೆ.

ಸಾಲು ನಿಂತುಹೋಯಿತು. ವಾಂಡಾ ನನ್ನ ತೋಳು ಬಿಟ್ಟಳು.

"ಅಂದ್ರೆ ನಾಳೆಯಿಂದ ನೀನು ಕೂತ್ಕೋತೀಯ ಅಸ್ಸುಂತಾ. ನಾವು ನಡೀತಾ ಇರೋದು."

ಅಜ್ಜಿ ಬುರುಡೆಯ ಕಡೆ ತಿರುಗಿದಳು. ಒಬ್ಬೊಬ್ಬರಾಗಿ ದಡ ಹತ್ತಿದರು.

ಮನೆಗೆ ಬಂದ ಮೇಲೆ ಅಮ್ಮ ಬಾಗಿಲು ಮುಚ್ಚಿದಳು. "ನಿನಗೆ ಬಾಯಿ ಮುಚ್ಕೊಂಡಿರೋಕೆ ಏನು ರೋಗ? ಶಾಲೇಲೂ ಇದೇ, ಇಲ್ಲೂ ಇದೇ. ಅಜ್ಜಿಗೆ ಒಂದು ಕುರ್ಚಿ ಸಿಕ್ತಿತ್ತು. ಒಂದು ಕುರ್ಚಿ!"

"ಕದ್ದು ಕೂರಬೇಕಿತ್ತಾ ಅಜ್ಜಿ?"

"ಕೂರಬೇಕಿತ್ತು! ಎಪ್ಪತ್ತೊಂಬತ್ತು ವರ್ಷ ಅವಳಿಗೆ!"

ಅಜ್ಜಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲ ಕೇಳಿಸಿತ್ತು.

ನಾನು ಮಾಡಿದ್ದು ಸರಿ. ಮತ್ತೊಮ್ಮೆ ಕೇಳಿದರೂ ಹೇಳುತ್ತಿದ್ದೆ. ಆದರೆ ತಟ್ಟೆಯ ಊಟವನ್ನು ಹಾಗೇ ಮುಚ್ಚಿಟ್ಟೆ, ಅದೂ ನಿಜ.

ಆಗಸ್ಟ್ 14

ಬೆಳಿಗ್ಗೆ ಎರಡು ಮಂಟಪಗಳ ನಡುವೆ ಕುರ್ಚಿ ಇತ್ತು. ಮೇಲೆ ನೀಲಿ ದಿಂಬು. ಹಿಂದಿನ ಸಾಲುಗಳವರೆಲ್ಲ ಅದನ್ನೇ ನೋಡುತ್ತಿದ್ದರು.

ಅಜ್ಜಿ ಮರಳಿನ ಮೇಲೆ ನಿಧಾನವಾಗಿ ನಡೆದು ಹೋದಳು. ಕುರ್ಚಿಯ ಮೇಲೆ ಕೂತಳು.

ಅಜ್ಜಿ ಬುರುಡೆಯ ಕಡೆ ನೋಡುತ್ತಿದ್ದಳು. ಅಜ್ಜ ಅಲ್ಲಿಗೆ ಈಜಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿದ್ದಳು ಎಂದು ನನ್ನ ಲೆಕ್ಕ. ಕೊನೆಗೆ ಚೀಲದಿಂದ ಫ್ಲಾಸ್ಕು ತೆಗೆದು ಕಾಫಿ ಕುಡಿದಳು. ಮುಚ್ಚಳ ತಿರುಗಿಸಿ ಮುಚ್ಚಿ ಎದ್ದು ನಿಂತು, ಹಿಂದಕ್ಕೆ ತಿರುಗಿ ಕೂಗಿದಳು:

"ವಾಂಡಾ! ಬಾರೇ, ನಿನ್ನ ಸರದಿ!"

ವಾಂಡಾ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ಬಿಸಿ ಮರಳಿನ ಮೇಲೆ ಹೆಚ್ಚುಕಡಿಮೆ ಓಡಿದಳು. ಅವಳ ಹಿಂದೆ ಅಕ್ಕತಂಗಿಯರು. ಸಾಲು ಬೆಳೆಯಿತು. ಒಬ್ಬಳು ಕೂತು ನೋಡುವಾಗ ಉಳಿದವರು ಕಾಯಬೇಕಲ್ಲ, ಸುಮ್ಮನೆ ನಿಲ್ಲುವುದೇಕೆ ಎಂದು ನೀರಿನಲ್ಲಿ ನಡೆದರು.

ಎರ್ಮಾನ್ನೊ ಓಡಿ ಬಂದ. "ಅಜ್ಜಿ, ಅಜ್ಜಿ! ಕುರ್ಚಿ ಕೊಟ್ಟಿದ್ದು ನಿಮಗೆ!"

"ನನಗೆ ಕೊಟ್ಟೆ ತಾನೇ?"

"ಹೌದು."

"ಹಾಗಾದ್ರೆ ನನ್ನ ಕುರ್ಚಿ. ಯಾರನ್ನ ಕೂರಿಸ್ಬೇಕು ಅನ್ನೋದು ನನ್ನಿಷ್ಟ. ಲೋ ಎರ್ಮಾನ್ನೊ, ನೀನು ಚಡ್ಡೀಲಿ ಮಾಡ್ಕೊಂಡಾಗ ನಿಮ್ಮಮ್ಮ ಅಂಗಡೀಲಿ ಇದ್ಲು, ಇದೇ ನೀರಲ್ಲಿ ತೊಳೆದೋಳು ನಾನು. ಆಗ ನೀನು ನಮ್ಮ ಮನೆ ಮಗೂನಾ ಅಂತ ಕೇಳಿದ್ನೇನೋ?"

ಪರದೆಯ ಒಳಗಿನಿಂದ ಯಾರೋ ನಕ್ಕರು. ಬೆರ್ಗಾಮೊದವನೇ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಎರ್ಮಾನ್ನೊ ಕುರ್ಚಿ ತೆಗೆಸಿದ. ಏಳನೇ ಛತ್ರಿಯ ಮಾತೂ ಅದರ ಜೊತೆಗೇ ಹೋಯಿತು. ಅಮ್ಮ ಪತ್ರಿಕೆ ಮಡಿಸಿಟ್ಟು ನನ್ನನ್ನು ದಿಟ್ಟಿಸಿದಳು, ಆದರೆ ಬೈಯಲಿಲ್ಲ.

ಆಗಸ್ಟ್ 15

ಮೇರಿಮಾತೆ ಸ್ವರ್ಗಕ್ಕೇರಿದ ಹಬ್ಬ, ಇಲ್ಲಿಯವರ ಬಾಯಲ್ಲಿ ಅಸ್ಸುಂತಾ. ಅಸ್ಸುಂತಾ ಎಂಬ ಹೆಸರಿನವರಿಗೆಲ್ಲ ಇವತ್ತು ಹೆಸರಿನ ದಿನ. ಊರು ತುಂಬ ರಜೆ, ದಡ ತುಂಬ ಜನ. ಬಲೆಯಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟ ಕಲ್ಲಂಗಡಿಗಳು. ಹಿಂದಿನ ಎಲ್ಲ ಸಾಲಿನವರೂ ಅಜ್ಜಿಗೆ ಶುಭಾಶಯ ಹೇಳಲು ಬಂದರು. ಬಂದವರನ್ನೆಲ್ಲ ಅಜ್ಜಿ ನೀರಿಗಿಳಿಸಿದಳು. ಗಂಡಸರೂ ಬಂದರು, ಇಸ್ಪೀಟು ಕೈಯಲ್ಲೇ ಹಿಡಿದುಕೊಂಡು.

ಕಟ್ಟೆಯಿಂದ ತಿರುಗುವಾಗ ನೋಡಿದೆ, ಅಮ್ಮ ನನ್ನ ಪಕ್ಕದಲ್ಲಿದ್ದಳು. ಯಾವಾಗ ಇಳಿದಳೋ. ಕಪ್ಪು ಕನ್ನಡಕ ತಲೆಯ ಮೇಲಿತ್ತು.

ಒಂದು ಮಂಟಪದ ಪರದೆ ಸರಿಸಿ ಚಿನ್ನದ ಸರದ ಹೆಂಗಸೊಬ್ಬಳು ಅಮ್ಮನನ್ನು ಕೇಳಿದಳು: "ಇದನ್ನೆಲ್ಲ ಶುರು ಮಾಡಿದ ಹುಡುಗಿ ಯಾರು?"

"ನನ್ನ ಮಗಳು."

"ಓದ್ತಾ ಇದ್ದಾಳಾ?"

"ಇಲ್ಲ, ಶಾಲೆ ಬಿಟ್ಟಿದ್ದಾಳೆ" ಎಂದಳು ಅಮ್ಮ. ಬಿಸಿಲು ಜೋರಾಗಿದೆ ಎನ್ನುವ ಹಾಗೆ ಹೇಳಿ ಮುಂದೆ ನಡೆದಳು. ನಾನೇ ಒಂದು ಹೆಜ್ಜೆ ತಪ್ಪಿದೆ.

ಆಗಲೇ ಮೂರನೇ ಮಂಟಪದಿಂದ ಆ ಬೆರ್ಗಾಮೊದ ಮನುಷ್ಯ ಹೊರಬಂದ. ಮೈಯೆಲ್ಲ ಬೆವರು. "ಸಾಕು! ಒಳಗೆ ಬೇಯ್ತಾ ಇದ್ದೀನಿ!" ಎಂದು ಪರದೆಯ ಗಂಟುಗಳನ್ನು ತಾನೇ ಬಿಚ್ಚತೊಡಗಿದ. ಸಮುದ್ರದ ಕಡೆಯದು, ಆಮೇಲೆ ಪಕ್ಕದವು, ಆಮೇಲೆ ಹಿಂದಿನದು. ಉಂಡೆ ಮಾಡಿ ಎರ್ಮಾನ್ನೊನ ಕೈಗೆ ಕೊಟ್ಟ. "ದುಡ್ಡು ಕೊಟ್ಟಿದ್ದು ಗಾಳಿಗೂ ಸೇರಿ ತಾನೇ?"

ಅದನ್ನು ನೋಡಿ ಪಕ್ಕದ ಮಂಟಪದವರೂ ಬಿಚ್ಚಿದರು. ಅಜ್ಜಿ ಅವರೆಲ್ಲರಿಗೂ ಕಲ್ಲಂಗಡಿ ಕಳಿಸಿದಳು. ನಾನು ಕಳಿಸುತ್ತಿರಲಿಲ್ಲ.

ಆಗಸ್ಟ್ 16

ಮಂಟಪಗಳ ಕಂಬಗಳಷ್ಟೇ ನಿಂತಿವೆ, ಹುಡುಗರು ಚೆಂಡಾಡಲು ನೆಟ್ಟ ಗೋಲಿನ ಹಾಗೆ. ಐದನೇ ಸಾಲಿನಿಂದ ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿದರೆ ಬುರುಡೆ ಕಾಣುತ್ತದೆ. ಇಷ್ಟೇ ಸಿಕ್ಕಿದ್ದು. ಎಲ್ಲರಿಗೂ ಸಿಕ್ಕಿತು.

ಎರ್ಮಾನ್ನೊ ಛತ್ರಿಯ ಹತ್ತಿರ ಬಂದು, ಮುಂದಿನ ವರ್ಷ ಬರುತ್ತೀರಾ ಎಂದು ಕೇಳಿದ. ಮುಖ ಗಂಟಾಗಿತ್ತು, ಆದರೆ ಕೇಳಿದ.

"ಬರ್ತೀವಿ. ಐದನೇ ಸಾಲು. ಪರದೆ ಹಾಕ್ಸಿದ್ರೆ ಮೊದಲೇ ಹೇಳು, ಹೊಸ ಚಪ್ಪಲಿ ತಗೋತೀನಿ" ಎಂದಳು ಅಜ್ಜಿ.

ಸಂಜೆ ಕೊನೆಯ ಸಲ ನಡೆದೆವು, ನಾನೂ ಅಜ್ಜಿಯೂ ಮಾತ್ರ. ಕಟ್ಟೆಯ ಹತ್ತಿರ ಅವಳು ತಿರುಗಲಿಲ್ಲ. ಸಮುದ್ರದ ಕಡೆಗೆ ನಡೆದಳು. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು, ಲಂಗ ಸುತ್ತಲೂ ಹೂವಿನ ಹಾಗೆ ತೇಲಿತು. ದಡದಲ್ಲಿ ಸಬಾತಿನೊ ಎದ್ದು ನಿಂತದ್ದು ಕಾಣಿಸಿತು, ಸೀಟಿ ಬಾಯಲ್ಲಿತ್ತು, ಊದಲಿಲ್ಲ. ಎದೆಯ ಮಟ್ಟಕ್ಕೆ ಬಂದಾಗ ಅಜ್ಜಿ ನಿಂತಳು. ನಾನು ಬೆನ್ನ ಹಿಂದೆ ಕೈಕೊಟ್ಟೆ. ಅವಳ ಪಾದ ನೆಲ ಬಿಟ್ಟು ಒಂದು ಕ್ಷಣ ಮೇಲೆದ್ದಿತು. ಇಷ್ಟೇ ಇಷ್ಟು ಭಾರ.

ಅಜ್ಜಿ ಬುರುಡೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಅಯ್ಯೋ, ಇಷ್ಟೇ ಹತ್ರಾನಾ? ಎಷ್ಟು ಜಂಭ ಕೊಚ್ಕೊಳ್ತಿದ್ದ ನಿಮ್ಮಜ್ಜ. ಅಮೆರಿಕಾಗೆ ಹೋಗಿ ಬಂದೋನ ಹಾಗೆ ಏದುಸಿರು ಬಿಡ್ತಿದ್ದ."

"ಮುಂದಿನ ವರ್ಷ ನಾನು ಈಜಿ ತೋರಿಸ್ತೀನಿ. ಏದುಸಿರು ಬಿಡಲ್ಲ."

"ಬಾ ಮತ್ತೆ. ನಿನಗೆ ಈ ಜಾಗ ಇಷ್ಟ ಅಂತ ನನಗೆ ಗೊತ್ತಿಲ್ವಾ?" ಎಂದಳು. "ಕಾರಿನ ಗಾಜಲ್ಲಿ ನಿನ್ನ ಮುಖ ಕಾಣುತ್ತೆ ಕಣೇ."

ಲಂಗ ಬಾಲ್ಕನಿಯಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಅಮ್ಮ ಪಾತ್ರೆ ಕಟ್ಟಿಡುತ್ತಿದ್ದಾಳೆ. ಯಾವಾಗ ಬರುತ್ತೀ ಎಂದು ದೆಬೊರಾ ಕೇಳಿದ್ದಾಳೆ, ಉತ್ತರ ಬರೆಯಬೇಕು.

ನಾಳೆ ಬೆಳಿಗ್ಗೆ ಹೊರಡುತ್ತೇವೆ.